ಡ್ರಿಪ್ ಹಾರ್ಡರ್ ಕೇಳ್ತಿದೀನಿ, ಇಬ್ರಲ್ಲಿ ಯಾರು ಯಾವ್ದು ಅಂತಾನೇ ಗೊತ್ತಾಗ್ತಿಲ್ಲ

ಟ್ರ್ಯಾಪ್_ಹೊಸಬ:
ಒಂದು ವಾರದಿಂದ ಫೋನಲ್ಲಿ ಲಿಲ್ ಬೇಬಿ, ಗನ್ನಾ ಅನ್ನೋ ಇಬ್ರು ರ್‍ಯಾಪರ್‌ಗಳು ಸೇರಿ ಮಾಡಿರೋ ಡ್ರಿಪ್ ಹಾರ್ಡರ್ ಆಲ್ಬಮ್ಮೇ ಓಡ್ತಿದೆ. 13 ಹಾಡು, ಒಂದನ್ನೂ ಸ್ಕಿಪ್ ಮಾಡಿಲ್ಲ, ಅಷ್ಟು ಹಿಡ್ಸಿದೆ. ಆದ್ರೆ ಇಬ್ರ ದನಿನೂ ಒಂದೇ ಥರ ಕೇಳ್ಸುತ್ತೆ, ಒಬ್ಬ ಎಲ್ಲಿ ಮುಗಿಸ್ದ ಇನ್ನೊಬ್ಬ ಎಲ್ಲಿ ಶುರು ಮಾಡ್ದ ಅಂತ ಲಿರಿಕ್ಸ್ ನೋಡ್ಕೊಂಡೇ ಹೇಳ್ಬೇಕು. ಇಬ್ರೂ ಒಂದೇ ಥರ ಆದ್ರೆ ಜೋಡಿ ಆಲ್ಬಮ್ ಯಾಕೆ ಅಂತ ಫ್ರೆಂಡ್ ಕೇಳ್ದ, ನಂಗೆ ಉತ್ತರ ಹೊಳೀಲಿಲ್ಲ. ನೀವೇನಂತೀರಾ?

ಬೇಸ್_ಜೋರು:
ಗುರು, ಉಸಿರು ಗಮನಿಸು. ಬೇಬಿ ಉಸಿರು ತಗೊಳ್ಳೋಕೂ ಪುರುಸೊತ್ತಿಲ್ಲ ಅನ್ನೋ ಥರ ಒಂದ್ರ ಹಿಂದೆ ಒಂದು ಸಾಲು ಸುರೀತಾನೆ, ದನಿ ಸ್ವಲ್ಪ ಮೂಗಿಂದ ಬರುತ್ತೆ. ಗನ್ನಾಗೆ ಅವಸರಾನೇ ಇಲ್ಲ, ತಗ್ಗಿದ ದನಿ, ಬೀಟ್ ಮೇಲೆ ಜಾರ್ಕೊಂಡು ಹೋಗ್ತಾನೆ.
ಇನ್ನು ಒಂದೇ ಥರ ಇರೋದಕ್ಕೆ ಕಾರಣಾನೂ ಇದೆ. ಇಬ್ರೂ ಅಟ್ಲಾಂಟಾ ಕಡೆಯವ್ರು, ಇಬ್ರಿಗೂ ಅಲ್ಲಿನ ರ್‍ಯಾಪರ್ ಯಂಗ್ ಥಗ್ ಬೆನ್ನಿಗಿದ್ದ. ಬೇಬಿ ಜೈಲಿಂದ ಬಂದ್ಮೇಲೆ ರ್‍ಯಾಪ್ ಶುರು ಮಾಡಿದ್ದು, ಮೊದಲ್ನೇ ಮಿಕ್ಸ್‌ಟೇಪ್ ಬಂದಿದ್ದೇ 2017ರಲ್ಲಿ, ಆಗ ಅವನಿಗೆ ಹೇಳ್ಕೊಟ್ಟಿದ್ದು ಇದೇ ಗನ್ನಾ. 2018ರ ಅಕ್ಟೋಬರ್‌ಗೆ ಇಬ್ರೂ ಸಮಸಮ ನಿಂತು ಆಲ್ಬಮ್ ಬಿಟ್ರು, ಅಮೆರಿಕದ ಆಲ್ಬಮ್ ಪಟ್ಟಿ ಬಿಲ್‌ಬೋರ್ಡ್ 200ರಲ್ಲಿ ಮೊದಲ ವಾರಾನೇ 4ನೇ ಸ್ಥಾನ. ಕಲಿಸ್ದೋನು ಕಲಿತೋನು ಒಂದೇ ಹಾಡಲ್ಲಿ ಇದಾರೆ ಅಂತ ಅಂದ್ಕೊಂಡು ಕೇಳು, ನಂಗಂತೂ ಇಡೀ ಆಲ್ಬಮ್ ಬೇರೆ ಥರಾನೇ ಕೇಳ್ಸೋಕೆ ಶುರುವಾಯ್ತು.

808_ಅಭಿಮಾನಿ:
ನಾನು ಒಪ್ಪಲ್ಲ. ಜೋಡಿ ಅಂದ್ಮೇಲೆ ಇಬ್ರೂ ಬೇರೆ ಬೇರೆ ಇರ್ಬೇಕು, ಡ್ರೇಕ್, ಫ್ಯೂಚರ್ ಅನ್ನೋ ರ್‍ಯಾಪರ್‌ಗಳ 2015ರ ಜೋಡಿ ಆಲ್ಬಮ್ ವಾಟ್ ಎ ಟೈಮ್ ಟು ಬಿ ಅಲೈವ್ ಕೇಳಿ, ಡ್ರೇಕ್ ಯಾರು ಫ್ಯೂಚರ್ ಯಾರು ಅಂತ ಯಾರೂ ಕೇಳೋದೇ ಬೇಡ.

ಬೇಸ್_ಜೋರು:
ಅದೂ ಇಷ್ಟಾನೇ, ಆದ್ರೆ ಅದ್ರಲ್ಲಿ ಡ್ರೇಕ್ ಫ್ಯೂಚರ್ ಮನೆಗೆ ಬಂದಿರೋ ನೆಂಟನ ಥರ ಇದಾನಲ್ವಾ, ಪ್ರೊಡ್ಯೂಸರ್ ಮೆಟ್ರೋ ಬೂಮಿನ್ ಬೀಟ್‌ಗಳು ಪೂರ್ತಿ ಫ್ಯೂಚರ್ ಕಡೆಗೇ ವಾಲಿವೆ. ಅಟ್ಲಾಂಟಾದಲ್ಲಿ ಆರೇ ದಿನದಲ್ಲಿ ಮಾಡಿದ್ದು ಅಂತ ಡ್ರೇಕೇ ಹೇಳಿದ್ದ, ಆ ಅರ್ಜೆಂಟು ಕೇಳ್ಸುತ್ತೆ.

ರಾತ್ರಿ_ಪ್ಲೇಲಿಸ್ಟ್:
ಬೀಟ್ ಬಗ್ಗೆ ಯಾರೂ ಮಾತಾಡ್ಲಿಲ್ಲ ನೋಡಿ! ಡ್ರಿಪ್ ಹಾರ್ಡರ್‌ನಲ್ಲಿರೋ ಹಾಡು ಡ್ರಿಪ್ ಟೂ ಹಾರ್ಡ್‌ದು ಪ್ರೊಡ್ಯೂಸರ್ ಟರ್ಬೋ ಮಾಡಿದ್ದು. ಗಿಟಾರ್ ತಂತಿ ಮೀಟಿದ ಹಾಗೆ ಒಂದು ಚಿಕ್ಕ ಲೂಪು, ಕೆಳಗಡೆ 808 ಅನ್ನೋ ಗುಂಯ್‌ಗುಡೋ ಬೇಸ್ ಡ್ರಮ್, ಮೇಲೆ ಹೈಹ್ಯಾಟ್ ಪಟಪಟ ಅಂತಿರುತ್ತೆ, ಅಷ್ಟೇ. ಮಧ್ಯದಲ್ಲಿ ಜಾಗ ಖಾಲಿ ಬಿಟ್ಟಿರೋದ್ರಿಂದಾನೇ ಇಬ್ರೂ ಒಬ್ರ ಕಾಲು ಒಬ್ರು ತುಳೀದೇ ಹಾಡೋಕಾಗಿದೆ. ಹೊಸಬರಿಗೆ ಒಂದು ಮಾತು, ಇದೇ ಆಲ್ಬಮ್‌ನ ಕ್ಲೋಸ್ ಫ್ರೆಂಡ್ಸ್‌ನಲ್ಲಿ ಬೇಬಿ ಒಬ್ನೇ ಇರೋದು, ಅದನ್ನ ಎರಡು ಮೂರು ಸಲ ಕೇಳಿ ಕಿವಿಗೆ ಕೂರಿಸ್ಕೊಂಡು ಆಮೇಲೆ ಮೊದಲಿಂದ ಶುರು ಮಾಡಿ.

ಟ್ರ್ಯಾಪ್_ಹೊಸಬ:
ಹೇಳ್ದಂಗೇ ಮಾಡ್ದೆ, ಕ್ಲೋಸ್ ಫ್ರೆಂಡ್ಸ್ ನಾಲ್ಕು ಸಲ, ಆಮೇಲೆ ಲಿರಿಕ್ಸ್ ಮುಚ್ಚಿಟ್ಟು ಡ್ರಿಪ್ ಟೂ ಹಾರ್ಡ್. ಗನ್ನಾ ಬಂದ ತಕ್ಷಣ ಗೊತ್ತಾಯ್ತು, ಹಾಡು ಅಲ್ಲೇ ಒಂಚೂರು ನಿಧಾನ ಆದ ಹಾಗನ್ಸುತ್ತೆ, ಬೀಟ್ ಮಾತ್ರ ಹಂಗೇ ಇರುತ್ತೆ. ಫ್ರೆಂಡ್‌ಗೆ ಅದೇ ಜಾಗ ಕೇಳಿಸ್ತೀನಿ ಇವತ್ತು.