ಮೂರು ಗೊಬ್ಬರ, 12 ಕುಂಡ: 40 ಅಳತೆ ಸಾಲದೇ?

ಪ್ರಶ್ನೆ
ಮೂರು ಗೊಬ್ಬರಗಳಲ್ಲಿ ಯಾವುದಕ್ಕೆ ಟೊಮೆಟೊ ಸಸಿ ಚೆನ್ನಾಗಿ ಬೆಳೆಯುತ್ತದೆ ಎಂದು ನೋಡಬೇಕಿತ್ತು. ಒಂದೊಂದಕ್ಕೆ 4 ಕುಂಡ. ಗೊಂದಲ ಆಗಬಾರದೆಂದು ಎ ಗೊಬ್ಬರದ ನಾಲ್ಕನ್ನೂ ಕಿಟಕಿ ಪಕ್ಕ, ಬಿ ನಡುವೆ, ಸಿ ಗೋಡೆ ಕಡೆ ಇಟ್ಟೆ. ಆರು ವಾರಕ್ಕೆ ಎ ಎಲೆಗಳೇ ದೊಡ್ಡವು. ಗಿಡಕ್ಕೆ 10 ಎಲೆಯಂತೆ ಪ್ರತಿ ಗೊಬ್ಬರಕ್ಕೆ 40 ಅಳತೆ ಇದೆ. ಆದರೂ ಗೈಡ್ ಒಪ್ಪುತ್ತಿಲ್ಲ. ಯಾಕೆ?

ಉತ್ತರ 1
ಎಲೆ ದೊಡ್ಡದಾದದ್ದು ಗೊಬ್ಬರದಿಂದಲೋ ಬೆಳಕಿನಿಂದಲೋ? ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಆಮೇಲೆ ಯಾವ ಲೆಕ್ಕ ಹಾಕಿದರೂ ಬಿಡಿಸಲು ಬರುವುದಿಲ್ಲ. ನಾನೂ ಹೀಗೆ ಪೆಟ್ಟು ತಿಂದಿದ್ದೇನೆ. ಒಂದು ಗುಂಪಿನ ಎಲೆಗಳನ್ನು ಕಿತ್ತ ಕೂಡಲೇ ತೂಗಿದೆ, ಇನ್ನೊಂದನ್ನು ಊಟ ಮುಗಿಸಿ ಬಂದು ತೂಗಿದೆ. ಅಷ್ಟರಲ್ಲಿ ಅವು ಬಾಡಿ ತೂಕ ಇಳಿದಿತ್ತು. ಎರಡು ತಿಂಗಳ ಕೆಲಸ ಮತ್ತೆ ಮೊದಲಿನಿಂದ.

ಇನ್ನು 40ರ ವಿಷಯ. ನೀವು ಗೊಬ್ಬರ ಹಾಕಿದ್ದು ಕುಂಡಕ್ಕೆ, ಎಲೆಗಲ್ಲ ಅಲ್ವಾ? ಆ ಹತ್ತು ಎಲೆಗಳಿಗೂ ಬೇರು ಒಂದೇ, ಮಣ್ಣು ಒಂದೇ. ಅವುಗಳ ಸರಾಸರಿ ತೆಗೆದು ಕುಂಡಕ್ಕೆ ಒಂದೇ ಸಂಖ್ಯೆ ಇಟ್ಟುಕೊಳ್ಳಿ. ನಿಮ್ಮ ಹತ್ತಿರ ಇರುವುದು ಗೊಬ್ಬರಕ್ಕೆ 4 ರೆಪ್ಲಿಕೇಶನ್ (ಬೇರೆಬೇರೆಯಾಗಿ ಗೊಬ್ಬರ ಪಡೆದ ಕುಂಡಗಳು) ಮಾತ್ರ.

ಮತ್ತೆ ಮಾಡುವಾಗ ಕಿಟಕಿಯಿಂದ ಗೋಡೆಯವರೆಗೆ ಒಂದರ ಹಿಂದೆ ಒಂದರಂತೆ, ಕಿಟಕಿಗೆ ಸಮಾನಾಂತರವಾಗಿ 4 ಸಾಲು ಮಾಡಿ, ಸಾಲಿಗೆ 3 ಕುಂಡ. ಪ್ರತಿ ಸಾಲಲ್ಲೂ ಮೂರೂ ಗೊಬ್ಬರ ಇರಲಿ. ಸಾಲೇ ನಿಮ್ಮ ಬ್ಲಾಕ್. ಅದರೊಳಗೆ ಬೆಳಕು ಹೆಚ್ಚುಕಡಿಮೆ ಒಂದೇ. ಯಾವ ಗೊಬ್ಬರ ಎಲ್ಲಿ ಅನ್ನುವುದಕ್ಕೆ ಚೀಟಿ ಎತ್ತಿ, ಪ್ರತಿ ಸಾಲಿಗೂ ಹೊಸದಾಗಿ. ಆಗ ಒಟ್ಟು 11 ಡಿಗ್ರಿ ಆಫ್ ಫ್ರೀಡಂನಲ್ಲಿ (ಹೋಲಿಕೆಗೆ ಸ್ವತಂತ್ರವಾಗಿ ಸಿಗುವ ಮಾಹಿತಿಯ ಎಣಿಕೆ, ಕುಂಡಗಳಿಗಿಂತ ಒಂದು ಕಡಿಮೆ) ಸಾಲಿಗೆ 3, ಗೊಬ್ಬರಕ್ಕೆ 2 ಹೋಗಿ ಎರರ್‌ಗೆ, ಅಂದರೆ ಇವೆರಡೂ ವಿವರಿಸದ ಏರಿಳಿತವನ್ನು ಅಂದಾಜು ಮಾಡಲು, 6 ಉಳಿಯುತ್ತದೆ. ಜಾಸ್ತಿ ಅಲ್ಲ, ಆದರೆ ಶುರು ಮಾಡಬಹುದು.

ಪ್ರಶ್ನೆ ಕೇಳಿದವರು
ಚೀಟಿಯೇ ಬೇಕಾ? ಸುಮ್ನೆ ಕಲಸಿ ಇಟ್ಟರೆ?

ಉತ್ತರ 1
ಸುಮ್ನೆ ಕಲಸುವುದು ಬೇಡ, ಚೀಟಿಯೇ ಬೇಕು. ಇಲ್ಲದಿದ್ದರೆ ಗಟ್ಟಿ ಸಸಿ ನಿಮಗೆ ಗೊತ್ತಿಲ್ಲದೆಯೇ ನಿಮ್ಮಿಷ್ಟದ ಗೊಬ್ಬರಕ್ಕೆ ಹೋಗುತ್ತದೆ. ಸಸಿಗಳನ್ನೂ ಚೀಟಿಯಲ್ಲೇ ಹಂಚಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಫಿಷರ್ 1926ರಲ್ಲೇ ಇದಕ್ಕೆ ಪಟ್ಟು ಹಿಡಿದರು. ಹೊಲದಲ್ಲಿ ಮಣ್ಣಿನ ಸಾರ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ಎಲ್ಲವನ್ನೂ ಅಳೆದು ಸರಿದೂಗಿಸಲು ಯಾರಿಂದಲೂ ಆಗದು. ಜಾಗವನ್ನು ಚೀಟಿಗೆ ಬಿಟ್ಟಾಗಲೇ ಎರರ್‌ನ ಅಂದಾಜು ನಂಬುವಂತಿರುತ್ತದೆ.

ಉತ್ತರ 2
ಗೊಬ್ಬರವೇ ಹಾಕದ ಕುಂಡ ಎಲ್ಲಿ? ಅದಿಲ್ಲದೆ ಗೊಬ್ಬರದಿಂದ ಲಾಭ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಸಾಲಿಗೊಂದು ಸೇರಿಸಿ, 16 ಆಗುತ್ತದೆ, ಎರರ್‌ಗೂ 9 ಸಿಗುತ್ತದೆ. ಯಾವುದಕ್ಕೆ ಯಾವ ಗೊಬ್ಬರ ಎಂದು ಅಳೆಯುವವರಿಗೆ ಗೊತ್ತಾಗದಂತೆ ಕುಂಡದ ಮೇಲೆ ನಂಬರ್ ಮಾತ್ರ ಬರೆದು ಬೇರೆಯವರಿಂದ ಅಳೆಸಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಥ್ಯಾಂಕ್ಸ್. ಈಗಷ್ಟೇ ಚೀಟಿ ಎತ್ತಿದೆ. ಕಿಟಕಿ ಪಕ್ಕದ ಸಾಲು: ಸಿ, ಖಾಲಿ, ಎ, ಬಿ.