ಹಿಂದಿನ ಚಕ್ರದಲ್ಲಿ ಪ್ಲೇ (ಸಡಿಲ ಅಲುಗಾಟ), ಬ್ರೇಕ್ ಒತ್ತಿದರೆ ಕೀರಲು ಸದ್ದು: ಎರಡಕ್ಕೂ ಒಂದೇ ಕಾರಣವಾ?

ಪ್ರಶ್ನೆ:
ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್. ಹಿಂದೆ ಟಾರ್ಷನ್ ಬೀಮ್ ಆಕ್ಸಲ್ (ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ), ಡ್ರಮ್ ಬ್ರೇಕ್. ಓಡಿರುವುದು 90,000 ಕಿ.ಮೀ. ಹಿಂದಿನ ಎಡ ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದರೆ ಸಣ್ಣಗೆ ‘ಟಕ್ ಟಕ್’ ಅನ್ನುತ್ತೆ. ಬಲ ಚಕ್ರ ಗಟ್ಟಿಯಾಗಿದೆ. ಜೊತೆಗೆ, ವೇಗ 20 ಕಿ.ಮೀ.ಗಿಂತ ಕಡಿಮೆ ಇದ್ದಾಗ ಬ್ರೇಕ್ ಹಗುರವಾಗಿ ಒತ್ತಿದರೆ ಅದೇ ಕಡೆಯಿಂದ ಕೀರಲು ಸದ್ದು. ಜೋರಾಗಿ ಒತ್ತಿದರೆ ಸದ್ದಿಲ್ಲ. ಬೇರಿಂಗ್ ಬದಲಿಸಿದರೆ ಎರಡೂ ಹೋಗುತ್ತಾ? ಇಲ್ಲ, ಆಕ್ಸಲ್ಲೇ ಸವೆದಿದೆಯಾ?

ಹಬ್‌ನಟ್:
ಸದ್ಯಕ್ಕೆ ಎರಡನ್ನೂ ಬೇರೆ ಬೇರೆ ದೋಷ ಅಂತಲೇ ಇಟ್ಟುಕೊಳ್ಳಿ. ಮೊದಲು ಪ್ಲೇ ಎಲ್ಲಿದೆ ಅಂತ ಹಿಡಿಯಬೇಕು.

ಎತ್ತುವ ಮುಂಚೆ ವೀಲ್ ನಟ್‌ಗಳಿಗೆ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ನಗಬೇಡಿ, ಸಡಿಲ ನಟ್ಟನ್ನೇ ಬೇರಿಂಗ್ ಅಂದುಕೊಂಡು ಹಬ್ (ಚಕ್ರ ಕೂರುವ ನಡುಭಾಗ) ಬಿಚ್ಚುವವರಿದ್ದಾರೆ. ಆಮೇಲೆ ಮುಂದಿನ ಚಕ್ರಗಳಿಗೆ ಎರಡೂ ಬದಿ ಅಡ್ಡ ಇಟ್ಟು, ಗೇರ್‌ನಲ್ಲಿ ಬಿಟ್ಟು, ಹಿಂಭಾಗವನ್ನು ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ.

ಹ್ಯಾಂಡ್ ಬ್ರೇಕ್ ಬಿಟ್ಟು ಮೇಲೆ–ಕೆಳಗೆ ಹಿಡಿದು ಅಲ್ಲಾಡಿಸಿ, ಆಮೇಲೆ ಎಡ–ಬಲ ಹಿಡಿದು ಅಲ್ಲಾಡಿಸಿ. ಈಗ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು ಮತ್ತೆ ಅದನ್ನೇ ಮಾಡಿ. ಶೂಗಳು (ಡ್ರಮ್ಮಿನ ಒಳಗೋಡೆಗೆ ಒತ್ತುವ ಬ್ರೇಕ್ ತುಂಡುಗಳು) ಡ್ರಮ್ಮನ್ನು ಬ್ಯಾಕಿಂಗ್ ಪ್ಲೇಟಿಗೆ (ಶೂಗಳನ್ನು ಹೊತ್ತ, ತಿರುಗದ ತಟ್ಟೆಗೆ) ಕಚ್ಚಿ ಹಿಡಿಯುತ್ತವೆ, ನಡುವೆ ಇರುವ ಬೇರಿಂಗ್ ಆಟಕ್ಕೆ ಬರುವುದಿಲ್ಲ. ಹಾಗಾಗಿ ಪ್ಲೇ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಸ್ಟಬ್ ಆಕ್ಸಲ್ (ಹಬ್ ಕೂರುವ ಗಿಡ್ಡ ದಂಡ) ಬೋಲ್ಟ್ ಸಡಿಲವಾಗಿದೆ, ಇಲ್ಲವೇ ಬೀಮ್‌ನ ಮುಂಭಾಗದ ಎರಡು ರಬ್ಬರ್ ಬುಷ್‌ಗಳಲ್ಲಿ ಒಂದು ಹರಿದಿದೆ. ಬುಷ್ ಹರಿದಿದ್ದರೆ ಬ್ಯಾಕಿಂಗ್ ಪ್ಲೇಟೂ ಚಕ್ರದ ಜೊತೆಗೇ ಅಲ್ಲಾಡುವುದು ಕಾಣುತ್ತೆ. ಬೀಮ್ ತಾನಾಗಿ ಸವೆಯುವ ವಸ್ತುವಲ್ಲ.

ಇನ್ನೊಂದು: ಹ್ಯಾಂಡ್ ಬ್ರೇಕ್ ಬಿಟ್ಟು ಚಕ್ರ ತಿರುಗಿಸುತ್ತಾ ಆ ಕಡೆಯ ಕಾಯಿಲ್ ಸ್ಪ್ರಿಂಗ್ ಮೇಲೆ ಬೆರಳಿಡಿ. ಬೇರಿಂಗ್ ಒರಟಾಗಿದ್ದರೆ ಕಿವಿಗೆ ಕೇಳದಿದ್ದರೂ ಬೆರಳಿಗೆ ‘ಜುಮ್’ ಅನ್ನುತ್ತೆ.

ಲೈನರ್:
ಸದ್ದಿನ ಬಗ್ಗೆ. ಹಗುರ ಒತ್ತಡದಲ್ಲಿ ಮಾತ್ರ ಕೀರಲು ಸದ್ದು ಬಂದರೆ ಶೂ ಅದುರುತ್ತಿದೆ ಅಂತ ಅರ್ಥ, ಜೋರಾಗಿ ಒತ್ತಿದಾಗ ಅದುರುವುದಕ್ಕೆ ಜಾಗ ಸಿಗುವುದಿಲ್ಲ. ಡ್ರಮ್ ತೆಗೆಯದೆ ಇದು ತೀರ್ಮಾನ ಆಗಲ್ಲ. ಡ್ರಮ್ ಬರದಿದ್ದರೆ ಸುತ್ತಿಗೆ ಹಿಡಿಯುವ ಮುಂಚೆ ಅಡ್ಜಸ್ಟರ್ (ಶೂ–ಡ್ರಮ್ ಅಂತರ ಹೊಂದಿಸುವ ತಿರುಪು) ಹಿಂದಕ್ಕೆ ತಿರುಗಿಸಿ. ಸವೆದ ಡ್ರಮ್ಮಿನ ಅಂಚಿನಲ್ಲಿ ಏರು ಎದ್ದು ಶೂಗೆ ಸಿಕ್ಕಿಕೊಂಡಿರುತ್ತೆ.

ಒಳಗಿನ ಧೂಳನ್ನು ಗಾಳಿ ಹಿಡಿದು ಊದಬೇಡಿ. ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿಯೇ ಒರೆಸಿ. ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ನೋಡಿ: ಬ್ರೇಕ್ ಎಣ್ಣೆ ಜಿನುಗಿ ಲೈನಿಂಗ್ (ಶೂ ಮೇಲಿನ ಸವೆಯುವ ಪದರ) ನೆನೆದಿದ್ದರೆ ತೊಳೆದು ಉಪಯೋಗವಿಲ್ಲ, ಸಿಲಿಂಡರ್ ಸರಿಪಡಿಸಿ ಎರಡೂ ಚಕ್ರದ ಶೂ ಬದಲಿಸಿ. ಲೈನಿಂಗ್ 1–1.5 ಮಿ.ಮೀ.ಗೆ ಇಳಿದಿದ್ದರೂ ಅಷ್ಟೇ. ಡ್ರಮ್ಮಿನ ಗರಿಷ್ಠ ಒಳವ್ಯಾಸ ಡ್ರಮ್ಮಿನ ಮೇಲೇ ಅಚ್ಚಾಗಿರುತ್ತೆ, ಅದನ್ನು ಮೀರಿದ್ದರೆ ಡ್ರಮ್ಮೂ ಹೋಯಿತು.

ಇವೆಲ್ಲ ಸರಿಯಿದ್ದರೆ ಅನುಮಾನ ಬ್ಯಾಕಿಂಗ್ ಪ್ಲೇಟ್ ಮೇಲೆ. ಶೂ ಒರಗಿ ಜಾರುವ ಉಬ್ಬುಗಳು ಸಾಮಾನ್ಯವಾಗಿ ಒಂದೊಂದು ಶೂಗೆ ಮೂರು. ಅಲ್ಲಿ ತುಕ್ಕು ಹಿಡಿದರೆ, ಗುಂಡಿ ಬಿದ್ದರೆ ಶೂ ಜಾರುವ ಬದಲು ಹಿಡಿದು ಬಿಡುತ್ತೆ. ಕೀರಲು ಹುಟ್ಟುವುದು ಅಲ್ಲೇ. ಎಮರಿ ಪೇಪರಿನಲ್ಲಿ ಉಜ್ಜಿ, ಒಂದೊಂದಕ್ಕೂ ಕಾಳಿನಷ್ಟು ಬ್ರೇಕ್ ಗ್ರೀಸ್ ಸವರಿ. ಮಾಮೂಲಿ ಗ್ರೀಸ್ ಬೇಡ, ಬಿಸಿಗೆ ಕರಗಿ ಲೈನಿಂಗ್ ಸೇರುತ್ತೆ. ಶೂ ಒತ್ತಿ ಹಿಡಿಯುವ ಸ್ಪ್ರಿಂಗ್ ಸೋತಿದ್ದರೂ ಇದೇ ಸದ್ದು.

ಪ್ಲೇಗೂ ಸದ್ದಿಗೂ ಸಂಬಂಧ ಇದೆಯಾ ಅಂತ ಲೈನಿಂಗೇ ಹೇಳುತ್ತೆ. ಅಗಲದ ಒಂದು ಅಂಚು ದಪ್ಪ, ಇನ್ನೊಂದು ತೆಳು ಆಗಿ ಓರೆಯಾಗಿ ಸವೆದಿದ್ದರೆ ಡ್ರಮ್ ವಾಲಿಕೊಂಡು ತಿರುಗಿದೆ. ಸಮನಾಗಿದ್ದರೆ ಸಂಬಂಧವಿಲ್ಲ ಅಂದುಕೊಳ್ಳಬಹುದು.

ಸ್ಲೈಡ್‌ಪಿನ್:
ಹಿಂದೆ ಡಿಸ್ಕ್ ಇರುವವರು ಇದನ್ನೋದುತ್ತಿದ್ದರೆ: ಕ್ಯಾಲಿಪರ್ (ಡಿಸ್ಕನ್ನು ಅಮುಕುವ ಭಾಗ) ಜಾರುವ ಸ್ಲೈಡ್ ಪಿನ್ ಕೈಯಲ್ಲಿ ಸಲೀಸಾಗಿ ಜಾರಬೇಕು. ಹ್ಯಾಂಡ್ ಬ್ರೇಕ್ ಕ್ಯಾಲಿಪರಿನೊಳಗೇ ಇದ್ದರೆ ಪಿಸ್ಟನ್ನನ್ನು ಕ್ಲ್ಯಾಂಪ್ ಹಾಕಿ ಒತ್ತಬೇಡಿ. ಹೆಚ್ಚಿನವುಗಳಲ್ಲಿ ಅದನ್ನು ತಿರುಗಿಸುತ್ತಾ ಒಳಗೆ ಕಳಿಸಬೇಕು. ಹ್ಯಾಂಡ್ ಬ್ರೇಕ್ ಎಲೆಕ್ಟ್ರಿಕ್ ಆಗಿದ್ದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕಿ.

ಪ್ರಶ್ನೆ ಕೇಳಿದವರು:
ಹ್ಯಾಂಡ್ ಬ್ರೇಕ್ ಎಳೆದರೆ ಪ್ಲೇ ಮಾಯ. ಡ್ರಮ್ ಮತ್ತು ಹಬ್ ಒಂದೇ ತುಂಡು, ಒಳಗೆ ಎರಡು ಟೇಪರ್ ಬೇರಿಂಗ್ (ಓರೆ ರೋಲರ್‌ಗಳಿರುವ ಬೇರಿಂಗ್), ಹೊರಗೆ ಸ್ಪ್ಲಿಟ್ ಪಿನ್ ಹಾಕಿದ ಕ್ಯಾಸಲ್ ನಟ್ (ಪಿನ್ ಕೂರಲು ಸಂದಿಗಳಿರುವ ನಟ್). ಲೈನಿಂಗ್ 3 ಮಿ.ಮೀ., ಒಣಗಿದೆ, ಸಮನಾಗಿ ಸವೆದಿದೆ. ಉಬ್ಬುಗಳಲ್ಲಿ ತುಕ್ಕಿದೆ. ನಟ್ಟನ್ನು ಒಂದು ಸುತ್ತು ಬಿಗಿ ಮಾಡಿದರೆ ಸಾಕಾ?

ಹಬ್‌ನಟ್:
ಬೇಡ. ಟೇಪರ್ ಬೇರಿಂಗನ್ನು ಬಿಗಿದು ಬಿಟ್ಟರೆ ಬಿಸಿಯಾಗಿ ಸುಟ್ಟುಹೋಗುತ್ತೆ. ಮೊದಲು ಎರಡನ್ನೂ ಬಿಚ್ಚಿ ತೊಳೆಯಿರಿ. ರೋಲರ್ ಮೇಲಾಗಲಿ ಹೊರ ರೇಸ್ (ರೋಲರ್‌ಗಳು ಉರುಳುವ ಉಂಗುರ) ಮೇಲಾಗಲಿ ನೀಲಿ ಬಣ್ಣ, ಚುಕ್ಕೆ ಗುಂಡಿ ಕಂಡರೆ ರೇಸ್ ಸಮೇತ ಹೊಸದು. ಹಳೇ ರೇಸಿಗೆ ಹೊಸ ರೋಲರ್ ಜೋಡಿಸಬೇಡಿ. ಚೆನ್ನಾಗಿದ್ದರೆ ಹೊಸ ವೀಲ್ ಬೇರಿಂಗ್ ಗ್ರೀಸನ್ನು ರೋಲರ್‌ಗಳ ಸಂದಿಯಿಂದ ಆಚೆ ಬರುವವರೆಗೆ ಅಂಗೈಯಲ್ಲಿ ಒತ್ತಿ ತುಂಬಿ, ಹೊಸ ಸೀಲ್ ಹಾಕಿ.

ಡ್ರಮ್ ಕೈಯಲ್ಲಿ ತಿರುಗಿಸುತ್ತಲೇ ನಟ್ಟನ್ನು 25 ನ್ಯೂಟನ್ ಮೀಟರ್ ಆಸುಪಾಸಿಗೆ ಬಿಗಿದರೆ ರೋಲರ್‌ಗಳು ಕೂರುತ್ತವೆ. ನಿಮ್ಮ ಕಾರಿನ ಮ್ಯಾನ್ಯುಯಲ್ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ಆಮೇಲೆ ಪೂರ್ತಿ ಸಡಿಲಿಸಿ, ಬೆರಳಲ್ಲೇ ಬಿಗಿಯಾಗುವಷ್ಟು ತಿರುಗಿಸಿ. ನಟ್ ಹಿಂದಿನ ವಾಷರನ್ನು ಸ್ಕ್ರೂಡ್ರೈವರ್ ತುದಿಯಿಂದ, ಮೀಟದೆ, ಬೆರಳಿನ ಬಲದಲ್ಲಿ ತಳ್ಳಿದರೆ ಚೂರು ಜರುಗಬೇಕು. ಡಯಲ್ ಗೇಜ್ (ಸಣ್ಣ ಚಲನೆ ಅಳೆಯುವ ಉಪಕರಣ) ಇದ್ದರೆ ಎಂಡ್ ಪ್ಲೇ (ಹಬ್ ಒಳಗೆ–ಹೊರಗೆ ಜರುಗುವಷ್ಟು) 0.03ರಿಂದ 0.13 ಮಿ.ಮೀ. ಒಳಗಿರಲಿ. ಸ್ಪ್ಲಿಟ್ ಪಿನ್ ಹೊಸದೇ ಹಾಕಿ.

ಹಬ್ ಯೂನಿಟ್ ಮಾದರಿ (ಬೇರಿಂಗ್, ಹಬ್ ಸೇರಿ ಒಂದೇ ತುಂಡು) ಇರುವ ಕಾರುಗಳಿಗೆ ಈ ಹೊಂದಾಣಿಕೆ ಇಲ್ಲ. ಅಲ್ಲಿ ಪ್ಲೇ ಕಂಡರೆ ಯೂನಿಟ್ಟೇ ಬದಲಿಸಬೇಕು.

ಲೈನರ್:
ಬೇರಿಂಗ್ ಹೊಂದಿಸಿ ಮುಗಿದ ಮೇಲೆಯೇ ಶೂ ಅಡ್ಜಸ್ಟರಿಗೆ ಕೈ ಹಾಕಿ. ವಾಲುವ ಡ್ರಮ್ಮಿಗೆ ಹೊಂದಿಸಿದ ಅಂತರ ಆಮೇಲೆ ತಪ್ಪುತ್ತೆ. ಮತ್ತೆ, ಡ್ರಮ್ ಹೊರಗಿರುವಾಗ ಯಾರೂ ಪೆಡಲ್ ಒತ್ತದಂತೆ ನೋಡಿಕೊಳ್ಳಿ, ಸಿಲಿಂಡರಿನ ಪಿಸ್ಟನ್ ಎಗರಿ ಆಚೆ ಬರುತ್ತೆ.