ಎದುರು ಪಕ್ಷದ ಸ್ಕ್ರೀನ್‌ಶಾಟ್‌ನಲ್ಲಿ ನಡುವಿನ ಮೆಸೇಜ್ ಇಲ್ಲ, ಫೋನೂ ಕಳೆದಿದೆಯಂತೆ

ಪ್ರಶ್ನೆ: ಸರ್, ಅಪ್ಪನ ಹಾರ್ಡ್‌ವೇರ್ ಅಂಗಡಿಯಿಂದ ಕಡ ಒಯ್ದ ಕಬ್ಬಿಣ, ಸಿಮೆಂಟಿನ ಬಾಬ್ತು ₹2.6 ಲಕ್ಷ ವಸೂಲಿಗೆ 2025ರಲ್ಲಿ ದಾವೆ ಹಾಕಿದ್ದೇವೆ. ಪ್ರತಿವಾದಿ ಲಿಖಿತ ಹೇಳಿಕೆ ಜೊತೆ 11 ವಾಟ್ಸಾಪ್ ಸ್ಕ್ರೀನ್‌ಶಾಟ್ ಹಾಜರುಪಡಿಸಿದ್ದಾರೆ. ‘ಮುಂದಿನ ತಿಂಗಳು ಪೂರ್ತಿ ಕೊಡ್ತೀನಿ’ ಅಂತ ಅವರೇ ಬರೆದ ಮೆಸೇಜ್ ಅದರಲ್ಲಿಲ್ಲ. ಕೇಳಿದರೆ ಫೋನ್ ಕಳೆದುಹೋಗಿದೆ ಅಂತಾರೆ. ಏನು ಮಾಡಬಹುದು?

ಉತ್ತರ (ವಕೀಲರು): ಮೊದಲು ಅಪ್ಪನ ಫೋನ್ ಭದ್ರ ಮಾಡಿ. ಅದೇ ಮಾತುಕತೆಯ ಇನ್ನೊಂದು ಪ್ರತಿ ಅದರಲ್ಲಿದೆ. ಫೋನ್ ಬದಲಿಸಬೇಡಿ, ರಿಸೆಟ್ ಮಾಡಬೇಡಿ, ವಾಟ್ಸಾಪ್ ತೆಗೆದು ಮತ್ತೆ ಹಾಕಬೇಡಿ. ಆ ಚಾಟ್‌ನಲ್ಲಿ ಮೆಸೇಜ್ ತಾನಾಗಿ ಅಳಿಯುವ ಸೆಟ್ಟಿಂಗ್ (24 ಗಂಟೆ, 7 ದಿನ, 90 ದಿನ) ಚಾಲೂ ಇದೆಯಾ ನೋಡಿ, ಇದ್ದರೆ ಈಗಲೇ ನಿಲ್ಲಿಸಿ.

ದಾವೆ 2024ರ ಜುಲೈ 1ರ ನಂತರದ್ದಾದ್ದರಿಂದ ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63 ಅನ್ವಯ. ಪ್ರಿಂಟ್ ಅಥವಾ ಪೆನ್‌ಡ್ರೈವ್ ಕೊಡುವುದಾದರೆ ಸರ್ಟಿಫಿಕೇಟ್ (ಪ್ರತಿ ಯಾವ ಸಾಧನದಿಂದ, ಹೇಗೆ ತೆಗೆದದ್ದು ಎಂಬ ದೃಢೀಕರಣ) ಬೇಕು: ‘ಎ’ ಭಾಗಕ್ಕೆ ಅಪ್ಪನ ಸಹಿ, ‘ಬಿ’ ಭಾಗಕ್ಕೆ ಪರಿಣತರ ಸಹಿ. ಅಪ್ಪನೇ ಸಾಕ್ಷಿಕಟ್ಟೆಗೆ ಬಂದು ತಮ್ಮದೇ ಮೂಲ ಫೋನ್ ತೋರಿಸಿ ನುಡಿದರೆ ಸರ್ಟಿಫಿಕೇಟ್ ಬೇಡ ಎಂದು ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 65ಬಿ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪಿನಲ್ಲಿ ಹೇಳಿದೆ. ಆದರೂ ನಾನು ಎರಡನ್ನೂ ಸಿದ್ಧವಿಡಿ ಅನ್ನುತ್ತೇನೆ. ಫೋನ್ ಮಾರ್ಕ್ ಆದರೆ (ಸಾಕ್ಷ್ಯವೆಂದು ಗುರುತು ಹಾಕಿ ದಾಖಲಾದರೆ) ಕೋರ್ಟಿನಲ್ಲೇ ಉಳಿಯಬಹುದು.

ಈಗ ಕಳೆದ ಫೋನಿನ ವಿಷಯ. ₹3 ಲಕ್ಷದೊಳಗಿನದು, ಹಾಗಾಗಿ ಇದು ವಾಣಿಜ್ಯ ನ್ಯಾಯಾಲಯದ ದಾವೆಯಲ್ಲ, ಸಾಮಾನ್ಯ ಸಿ.ಪಿ.ಸಿ.ಯೇ (ಸಿವಿಲ್ ಪ್ರಕ್ರಿಯಾ ಸಂಹಿತೆ). ಅದರ ಆದೇಶ 11 ನಿಯಮ 1ರಡಿ ಕೋರ್ಟಿನ ಅನುಮತಿ ಪಡೆದು ಲಿಖಿತ ಪ್ರಶ್ನಾವಳಿ ಕೊಡಿ: ಫೋನಿನ 15 ಅಂಕಿಯ ಐಎಂಇಐ (ಪ್ರತಿ ಫೋನಿನ ಗುರುತು ಸಂಖ್ಯೆ) ಏನು, ಕಳೆದದ್ದು ಯಾವ ದಿನ, ಪೊಲೀಸರಿಗೆ ದೂರು ಕೊಟ್ಟರಾ, ಸ್ಕ್ರೀನ್‌ಶಾಟ್ ತೆಗೆದದ್ದು ಯಾವಾಗ, ಅದೇ ನಂಬರ್ ಈಗಲೂ ಬಳಸುತ್ತಾರಾ, ಗೂಗಲ್ ಡ್ರೈವ್‌ನಲ್ಲಿ ಬ್ಯಾಕಪ್ ಇದೆಯಾ. ಉತ್ತರವನ್ನು 10 ದಿನದೊಳಗೆ ಅಫಿಡವಿಟ್ ಮೇಲೆ ಕೊಡಬೇಕು. ಬ್ಯಾಕಪ್ ಇದ್ದರೆ ಅದೇ ನಂಬರಿನ ಹೊಸ ಸಿಮ್‌ನಿಂದ ಚಾಟ್ ವಾಪಸ್ ತರಿಸಬಹುದು. ‘ಕಳೆದಿದೆ’ ಅಂದಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ.

ಚಾಟನ್ನು ಕೋರ್ಟಿಗೆ ಹಾಜರುಪಡಿಸಲು ಅದೇ ಆದೇಶದ ನಿಯಮ 14ರ ಅರ್ಜಿ. ‘ಫೋನ್ ಪೂರ್ತಿ ಕೊಡಿಸಿ’ ಅಂತ ಕೇಳಬೇಡಿ, ಖಾಸಗಿತನದ ಆಕ್ಷೇಪಣೆಗೆ ಅರ್ಜಿ ಬೀಳುತ್ತದೆ. ಇಂಥ ನಂಬರ್, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಅಂತ ಕಟ್ಟಿ ಕೇಳಿ. ಕೈಯಲ್ಲಿದ್ದೂ ಕೊಡಲಿಲ್ಲ ಎಂದು ಕಂಡರೆ, ಕೊಟ್ಟಿದ್ದರೆ ಅವರಿಗೇ ವಿರುದ್ಧವಾಗುತ್ತಿತ್ತು ಎಂದು ಕೋರ್ಟ್ ಭಾವಿಸಬಹುದು (ಸಾಕ್ಷ್ಯ ಅಧಿನಿಯಮದ ಕಲಂ 119, ದೃಷ್ಟಾಂತ ಜಿ).

ಉತ್ತರ (ಡಿಜಿಟಲ್ ಫೊರೆನ್ಸಿಕ್): ಚಾಟ್ ಎಕ್ಸ್‌ಪೋರ್ಟ್ ಮಾಡಿದರೆ ಸಿಗುವುದು ಬರೀ ಟೆಕ್ಸ್ಟ್ ಫೈಲ್, ಯಾರು ಬೇಕಾದರೂ ತಿದ್ದಬಹುದು. ಆದ್ದರಿಂದ ಎಕ್ಸ್‌ಪೋರ್ಟ್ ಆದ ತಕ್ಷಣ ಶಾ-256 ಹ್ಯಾಶ್ ತೆಗೆದು (ಫೈಲಿನ ಬೆರಳಚ್ಚಿನಂಥ ಸಂಕೇತ, 64 ಅಕ್ಷರ ಇರುತ್ತದೆ) ಸರ್ಟಿಫಿಕೇಟ್‌ನಲ್ಲಿ ಬರೆಯಿರಿ. ಒಂದು ಸ್ಪೇಸ್ ಸೇರಿದರೂ ಹ್ಯಾಶ್ ಬೇರೆಯಾಗುತ್ತದೆ. ಹೆಚ್ಚು ಜನ ಎಡವುವುದು ಇಲ್ಲಿ: ಸ್ಕ್ರೀನ್‌ಶಾಟನ್ನು ವಕೀಲರಿಗೆ ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸುತ್ತಾರೆ. ಅದು ಕುಗ್ಗಿ ಹೋಗುತ್ತದೆ, ಹ್ಯಾಶ್ ತಾಳೆಯಾಗುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ.

ಅವರ 11 ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ. ‘ನನಗೆ ಮಾತ್ರ ಅಳಿಸು’ ಅಂತ ಮೆಸೇಜ್ ತೆಗೆದರೆ ಗುರುತೇ ಉಳಿಯುವುದಿಲ್ಲ. ಆದರೆ ಆ ಮೆಸೇಜನ್ನು ಎಳೆದು ರಿಪ್ಲೈ ಮಾಡಿದ್ದರೆ, ರಿಪ್ಲೈಯ ಮೇಲಿನ ಚಿಕ್ಕ ಪಟ್ಟಿಯಲ್ಲಿ ಅದು ಹಾಗೇ ಇರುತ್ತದೆ.

ಪ್ರಶ್ನೆ: ಸರ್, 7ನೇದರಲ್ಲಿ ಅಪ್ಪನ ‘ಸರಿ’ ಮೇಲೆ ಆ ಪೂರ್ತಿ ವಾಕ್ಯ ಇದೆ! ಸರ್ಟಿಫಿಕೇಟ್ ಇಲ್ಲ ಅಂತ ಆ ಸ್ಕ್ರೀನ್‌ಶಾಟ್‌ಗಳಿಗೆ ಆಕ್ಷೇಪಣೆ ಹಾಕೋಣ ಅಂತಿದ್ವಿ.

ಉತ್ತರ (ವಕೀಲರು): 7ನೇದಕ್ಕೆ ಹಾಕಬೇಡಿ. ಮಾರ್ಕ್ ಮಾಡುವಾಗ ಆಕ್ಷೇಪಿಸಿದರೆ ನಿಮಗೆ ಬೇಕಾದದ್ದನ್ನು ನೀವೇ ತಡೆದಂತೆ. ಆ ಚಿತ್ರವನ್ನು ಈ ಗ್ರೂಪಿಗೂ ಹಾಕಬೇಡಿ, ನಿಮ್ಮ ವಕೀಲರಿಗೆ ಮಾತ್ರ ತೋರಿಸಿ. ಪಾಟೀಸವಾಲಿನಲ್ಲಿ ನಿಮ್ಮ ವಕೀಲರು ಮೊದಲು ಪ್ರತಿವಾದಿಗೆ ‘ಇದು ಪೂರ್ತಿ ಮಾತುಕತೆಯಾ?’ ಅಂತ ಕೇಳಲಿ. ‘ಹೌದು’ ದಾಖಲಾದ ಮೇಲೆ ಆ ಪಟ್ಟಿಯ ಮೇಲೆ ಬೆರಳಿಟ್ಟು, ಈ ಮೆಸೇಜ್ ನಿಮ್ಮ 11 ಚಿತ್ರಗಳಲ್ಲಿ ಎಲ್ಲಿದೆ ತೋರಿಸಿ ಅನ್ನಲಿ.